ಮಲೆನಾಡಿನ ಅಂಗಳಕ್ಕೆ ಹುಲ್ಲು ಕತ್ತರಿಸುವ ರೋಬೋಟ್: ಜನವರಿಯಿಂದ ನವೆಂಬರ್‌ವರೆಗೆ

ಯಂತ್ರ ಮನೆಗೆ ಬಂದ ಎರಡನೇ ದಿನವೇ ಚರಂಡಿಗೆ ಬಿತ್ತು. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಹೊರಗಿನಿಂದ ಪೀಂ ಪೀಂ ಅಂತ ಸದ್ದು. ಹೋಗಿ ನೋಡಿದರೆ ಮೂತಿ ಚರಂಡಿಯೊಳಗೆ, ಹಿಂದಿನ ಚಕ್ರ ಗಾಳಿಯಲ್ಲಿ. ಬ್ಲೇಡ್ ತಾನಾಗಿಯೇ ನಿಂತಿತ್ತು. ನೆಲ ಬಿಟ್ಟು ಮೇಲೆದ್ದರೆ ನಿಲ್ಲಿಸುವ ಸೆನ್ಸರ್ ಅದಕ್ಕಿದೆ. ಅಪ್ಪಯ್ಯ ಜಗುಲಿಯಿಂದಲೇ ಕೇಳಿದರು: “ಎಂತದಾ ಅದು, ಕರು ಬಿದ್ದ ಹಾಗೆ ಬಿದ್ದಿದೆಯಲ್ಲ?”

ಅವತ್ತು ಸಂಜೆ ಯಂತ್ರ ತೊಳೆದು ಒರೆಸಿ ಒಳಗಿಟ್ಟೆ. ಮತ್ತೆ ಹೊರಗೆ ಬಿಟ್ಟಿದ್ದು ಮೂರು ತಿಂಗಳ ನಂತರ. ಆ ಮೂರು ತಿಂಗಳು ಯಂತ್ರದಲ್ಲಿ ಒಂದು ಸ್ಕ್ರೂ ಕೂಡ ಮುಟ್ಟಲಿಲ್ಲ. ಕೆಲಸ ಪೂರ್ತಿ ಅಂಗಳದ್ದು. ಏನೇನು ಮಾಡಿದೆವು, ಎಲ್ಲಿ ತಪ್ಪಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆ ಇನ್ನೂ ಕೆಲವರು ಈ ಯಂತ್ರ ತರಿಸುವ ಯೋಚನೆಯಲ್ಲಿದ್ದಾರೆ. ಅವರು ಮೊದಲು ನೆಲ ನೋಡಿಕೊಂಡು ಆಮೇಲೆ ದುಡ್ಡು ಹಾಕಲಿ ಅಂತ ನನ್ನ ಆಸೆ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ರಸ್ತೆ ಬಿಟ್ಟು ಸ್ವಲ್ಪ ಒಳಗೆ. ಹಿಂದೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಧರೆಯ ಮೇಲೆ ಸೊಪ್ಪಿನ ಬೆಟ್ಟ. ಮುಂದೆ ಅಡಿಕೆ ಹರವುವ ಅಂಗಳ. ಅದರ ಆಚೆ 4 ಗುಂಟೆಯಷ್ಟು ಹುಲ್ಲಿನ ಜಾಗ, ಅಂದರೆ ಸುಮಾರು 400 ಚದರ ಮೀಟರ್. ಅದರ ಕೆಳಗೆ ತೋಟ. ಮನೆಯ ಎರಡು ಕೋಣೆಯನ್ನು ಹೋಂಸ್ಟೇಗೆ ಕೊಡುತ್ತೇವೆ, ಬಂದವರ ಮಕ್ಕಳು ಆಡುವುದು ಈ ಹುಲ್ಲಿನ ಮೇಲೇ. ಇಷ್ಟು ದಿನ ವೀಡ್ ಕಟರ್‌ನಲ್ಲಿ ಹೊಡೆಸುತ್ತಿದ್ದೆವು. ಕೊಯ್ಲಿನ ಸಮಯದಲ್ಲಿ ಅದಕ್ಕೆ ಜನ ಸಿಗುವುದಿಲ್ಲ. ನಾನೇ ಹೊಡೆಯೋಣ ಅಂದರೆ ಅರ್ಧ ದಿನ ಬೇಕು, ಜೊತೆಗೆ ನೊರಜು ಕಲ್ಲು ಸಿಡಿಯುತ್ತದೆ. ಹೋದ ವರ್ಷ ಹಾಗೆ ಸಿಡಿದ ಕಲ್ಲು ಕಿಟಕಿಯ ಗಾಜು ಒಡೆಯಿತು. ಅದೇ ಜಾಗದಲ್ಲಿ ಐದು ನಿಮಿಷ ಮೊದಲು ಪಕ್ಕದ ಮನೆಯ ಹುಡುಗ ನಿಂತಿದ್ದ. ರೋಬೋಟ್ ಬಗ್ಗೆ ಯೋಚನೆ ಶುರುವಾಗಿದ್ದು ಅವತ್ತು.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. 1995ರಲ್ಲಿ ಸ್ವೀಡನ್ನಿನ ಹಸ್ಕ್‌ವರ್ನಾ ಕಂಪನಿ ಸೌರಶಕ್ತಿಯಿಂದ ಓಡುವ, ಹುಲ್ಲು ಕತ್ತರಿಸುವ ರೋಬೋಟ್ ಅನ್ನು ಮಾರುಕಟ್ಟೆಗೆ ತಂದಿತು. ಈಗಿನವು ಬ್ಯಾಟರಿಯಲ್ಲಿ ಓಡುತ್ತವೆ, ಚಾರ್ಜ್ ಮುಗಿಯುತ್ತಾ ಬಂದಾಗ ತಾವೇ ಚಾರ್ಜಿಂಗ್ ಸ್ಟೇಷನ್‌ಗೆ ವಾಪಸ್ ಹೋಗುತ್ತವೆ. ಅಡಿಯಲ್ಲಿ ಒಂದು ತಟ್ಟೆ, ಅದಕ್ಕೆ ಶೇವಿಂಗ್ ಬ್ಲೇಡಿನಂಥ ಮೂರು ಸಣ್ಣ ಬ್ಲೇಡ್. ಒಂದೇ ಸಲ ಉದ್ದ ಹುಲ್ಲು ಕಡಿಯುವ ಶಕ್ತಿ ಇದಕ್ಕಿಲ್ಲ. ದಿನಾ ಸ್ವಲ್ಪ ಸ್ವಲ್ಪ, ತುದಿಯಷ್ಟೇ ಕತ್ತರಿಸುತ್ತದೆ. ಆ ಚೂರು ಅಲ್ಲೇ ಬುಡಕ್ಕೆ ಬಿದ್ದು ಕೊಳೆತು ಗೊಬ್ಬರವಾಗುತ್ತದೆ. ಗುಡಿಸುವ ಕೆಲಸ ಇಲ್ಲ. ಅಂಗಳದ ಸುತ್ತ ಒಂದು ಸಣ್ಣ ತಂತಿ ಹೂಳಬೇಕು. ಸ್ಟೇಷನ್ ಅದರಲ್ಲಿ ಸಣ್ಣ ಸಿಗ್ನಲ್ ಬಿಡುತ್ತದೆ. ತಂತಿಯ ಹತ್ತಿರ ಬಂದ ಕೂಡಲೇ ಯಂತ್ರ ತಿರುಗುತ್ತದೆ.

ತಂತಿ ಇಲ್ಲದೆ ಉಪಗ್ರಹ ನೋಡಿಕೊಂಡು ಓಡುವವೂ ಬಂದಿವೆ. ಅವುಗಳಿಗೆ ಆಕಾಶ ತೆರೆದಿರಬೇಕು. ನಮ್ಮಲ್ಲಿ ಒಂದು ಕಡೆ ಧರೆ, ಒಂದು ಕಡೆ ಅಡಿಕೆ ಮರ, ನಡುವೆ ಮಾವು. ಹಾಗಾಗಿ ತಂತಿಯದ್ದೇ ತಂದೆ.

ಎರಡನೇ ದಿನ ಆದ ತಪ್ಪು ಇದು. ಯಂತ್ರ ತಂತಿಯ ಮೇಲೆ ನಿಲ್ಲುವುದಿಲ್ಲ. ಮೂತಿಯನ್ನು ಸ್ವಲ್ಪ ಆಚೆ ಚಾಚಿ ಆಮೇಲೆ ತಿರುಗುತ್ತದೆ. ಅದಕ್ಕೇ ಗೋಡೆಯಿಂದ ತಂತಿ 35 ಸೆಂಟಿಮೀಟರ್ ಒಳಗಿರಬೇಕು, ಸಣ್ಣ ಏರುತಗ್ಗಿನ ಅಂಚಿನಿಂದ 30, ಹುಲ್ಲಿನ ಮಟ್ಟಕ್ಕೇ ಇರುವ ಕಲ್ಲುಹಾಸಿನಿಂದ 10. ಇದು ನನ್ನ ಯಂತ್ರದ ಪುಸ್ತಕದ ಲೆಕ್ಕ, ಬೇರೆಯದಕ್ಕೆ ಸ್ವಲ್ಪ ಬದಲಾಗಬಹುದು. ನಾನು ಚರಂಡಿಗೂ ಅದೇ 10 ಬಿಟ್ಟಿದ್ದೆ.

ತಂತಿ ಹಿಂದೆ ಸರಿಸಿದರೆ ಮುಗಿಯಿತು ಅಲ್ವಾ ಅಂತ ಮೊದಲು ಅನ್ನಿಸಿತು. ಆದರೆ ಚರಂಡಿ ಹೋಗುವುದು ಹುಲ್ಲಿನ ಜಾಗದ ನಟ್ಟನಡುವೆ. ಧರೆಯ ನೀರು ಮನೆಯ ಪಕ್ಕದಿಂದ ಬಂದು, ಹುಲ್ಲು ಸೀಳಿಕೊಂಡು ತೋಟದ ಕಾಲುವೆಗೆ ಇಳಿಯುತ್ತದೆ. ಎರಡೂ ಬದಿ ತಂತಿ ಹಾಕಿದರೆ ಅಂಗಳ ಎರಡು ತುಂಡು. ದಾಟಲು ಇರುವುದು ಎರಡಡಿಯ ಒಂದು ಕಲ್ಲು ಚಪ್ಪಡಿ. ಅಷ್ಟು ಕಿರಿದಾದ ದಾರಿಯಲ್ಲಿ ಈ ಯಂತ್ರ ಹೋಗುವುದಿಲ್ಲ.

ಚರಂಡಿಗೆ ಉದ್ದಕ್ಕೂ ಚಪ್ಪಡಿ ಮುಚ್ಚೋಣ ಅಂದೆ. ಅಪ್ಪಯ್ಯ ಒಪ್ಪಲಿಲ್ಲ. “ಪುಷ್ಯ ಮಳೇಲಿ ಧರೆ ನೀರು ಎಷ್ಟು ಬರ್ತದೆ ಅಂತ ನಿನ್ನ ಮಷಿನ್‌ಗೆ ಗೊತ್ತುಂಟಾ? ದರಕು ಕಟ್ಟಿಕೊಂಡ್ರೆ ರಾತ್ರಿ ಚಪ್ಪಡಿ ಎತ್ತೋದು ಯಾರು?” ಅವರು ಹೇಳಿದ್ದು ಸರಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಹೆಚ್ಚು ಕಡಿಮೆ ಅದರ ನೆರಳಿನಲ್ಲೇ ಇದ್ದೇವೆ. ಮುಚ್ಚಿದ ಚರಂಡಿ ಒಂದು ರಾತ್ರಿ ದರಕಿನಿಂದ, ಅಂದರೆ ಒಣ ಎಲೆಯಿಂದ, ಕಟ್ಟಿಕೊಂಡರೆ ನೀರು ಅಡಿಕೆ ಅಂಗಳಕ್ಕೇ ಬರುತ್ತದೆ.

ಹಾಗಾದರೆ ಚರಂಡಿ ಇರಬೇಕು, ಯಂತ್ರ ಅದನ್ನು ದಾಟಲೂ ಬೇಕು. ಎರಡು ದಿನ ಕಾಗದದ ಮೇಲೆ ಗೀಚಿದೆ. ಕೊನೆಗೆ ಹೊಳೆದಿದ್ದು ಸುಲಭದ್ದು. ಚರಂಡಿ ಆಳವಾಗಿ ಕಿರಿದಾಗಿದೆ. ಅದನ್ನೇ ಅಗಲ ಮಾಡಿ ಆಳ ಕಡಿಮೆ ಮಾಡಿದರೆ? ಒಳಗೂ ಹುಲ್ಲೇ ಬೆಳೆಸಿದರೆ? ಯಂತ್ರಕ್ಕೆ ಅದು ಚರಂಡಿಯಲ್ಲ, ಇಳಿಜಾರಿನ ಹುಲ್ಲು.

ಲೆಕ್ಕ ಹಾಕಿದೆ. ಹಳೇ ಚರಂಡಿ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ. ಅಡ್ಡ ಕೊಯ್ದರೆ ಎರಡೂಕಾಲು ಚದರ ಅಡಿ. ಹೊಸದು 8 ಅಡಿ ಅಗಲ, ನಡುವೆ 8 ಇಂಚು ಆಳ, ತ್ರಿಕೋನದ ಲೆಕ್ಕದಲ್ಲಿ ಎರಡೂಮುಕ್ಕಾಲಿಗೆ ಹತ್ತಿರ. ಅಂಚಿನಿಂದ ನಡುವಿಗೆ 4 ಅಡಿಯಲ್ಲಿ 8 ಇಂಚು ಇಳಿಯುತ್ತದೆ, ನೂರಕ್ಕೆ 17ರ ಇಳಿಜಾರು. ನನ್ನ ಯಂತ್ರ ನೂರಕ್ಕೆ 35ರವರೆಗೆ ಹತ್ತುತ್ತದೆ. ತಂತಿ ಹಾಯುವ ಜಾಗದಲ್ಲಿ ಮಾತ್ರ 15 ದಾಟಬಾರದು, ಅಲ್ಲಿ ಜಾರಿದರೆ ತಿರುಗುವ ಮೊದಲೇ ಆಚೆ ಹೋಗಿಬಿಡುತ್ತದೆ. ಬಟ್ಟಲಿನಂಥ ಈ ಹೊಸ ಚರಂಡಿಯ ಎರಡು ತುದಿಯಲ್ಲಿ ತಂತಿ ಅಡ್ಡ ಹಾಯಬೇಕಿತ್ತು. ಹಾಗಾಗಿ ಆ ತುದಿಗಳಲ್ಲಿ ಇನ್ನೂ ಅಗಲ ಮಾಡಿದೆವು, 10 ಅಡಿ.

ಆದರೆ ಅಗಲವಾದ ಹುಲ್ಲಿನ ಕಾಲುವೆಯಲ್ಲಿ ನೀರು ನಿಧಾನ ಹರಿಯುತ್ತದೆ. ಬರೀ ಚದರ ಅಡಿ ನೋಡಿದರೆ ಸಾಲದು. ಅಪ್ಪಯ್ಯನೇ ದಾರಿ ಹೇಳಿದರು. ಧರೆಯ ಬುಡದಲ್ಲಿ ಒಂದು ಅಗಳು ತೋಡಿ, ಬೆಟ್ಟದಿಂದ ಬರುವ ನೀರಿನಲ್ಲಿ ಮುಕ್ಕಾಲು ಪಾಲನ್ನು ಕೊಟ್ಟಿಗೆಯ ಹಿಂದಿನಿಂದ ನೇರ ತೋಟದ ಕಾಲುವೆಗೆ ತಿರುಗಿಸುವುದು. ಹುಲ್ಲಿನ ಬಟ್ಟಲಿಗೆ ಬರುವುದು ಉಳಿದ ಕಾಲು ಪಾಲು, ಮನೆಯ ಸೂರಿನ ನೀರು ಮತ್ತು ಅಂಗಳದ ನೀರು ಮಾತ್ರ. ಇಬ್ಬರು ಆಳು ನಾಲ್ಕು ದಿನ ಅಗಳು ತೋಡಿದರು. ಇಡೀ ಕೆಲಸದಲ್ಲಿ ನಾನು ಅತ್ಯಂತ ಖುಷಿಪಟ್ಟಿದ್ದು ಇದಕ್ಕೆ. ಯಂತ್ರ ಇರಲಿ ಬಿಡಲಿ, ಇದನ್ನು ಎಂದೋ ಮಾಡಬೇಕಿತ್ತು.

ಬಟ್ಟಲು ತೋಡಿದ್ದು ಫೆಬ್ರವರಿಯಲ್ಲಿ. ಮಟ್ಟ ನೋಡಲು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಗೂಟಕ್ಕೆ ಕಟ್ಟಿಕೊಂಡೆವು. ಒಂದು ತುದಿ ನನ್ನ ಕೈಯಲ್ಲಿ, ಒಂದು ಅಪ್ಪಯ್ಯನ ಕೈಯಲ್ಲಿ. ಉದ್ದ 50 ಅಡಿ, ಅದಕ್ಕೆ 6 ಇಂಚು ಇಳಿಕೆ ಕೊಟ್ಟೆವು. ಮೇಲ್ಮಣ್ಣನ್ನು ಮೊದಲೇ ಬೇರೆ ರಾಶಿ ಮಾಡಿಟ್ಟಿದ್ದು ಒಳ್ಳೆಯದಾಯಿತು, ಕೆಳಗಿನ ಕೆಂಪು ಮಣ್ಣಿನಲ್ಲಿ ಹುಲ್ಲು ಬೇಗ ಹಿಡಿಯುವುದಿಲ್ಲ.

ತಳದಲ್ಲಿ ಇನ್ನೊಂದು ಸಮಸ್ಯೆ. ಮಳೆ ನಿಂತರೂ ಅಲ್ಲಿ ಮೂರು ನಾಲ್ಕು ದಿನ ಹಸಿ ಇರುತ್ತದೆ. ಯಂತ್ರದ ಚಕ್ರ ಅಲ್ಲೇ ತಿರುತಿರುಗಿ ಕೆಸರು ಮಾಡುತ್ತದೆ. ಅದಕ್ಕೆ ನಡುವೆ ಒಂದಡಿ ಅಗಲ, ಒಂದಡಿ ಆಳದ ಕಾಲುವೆ ತೆಗೆದು 4 ಇಂಚಿನ ಪಿವಿಸಿ ಪೈಪ್ ಇಟ್ಟೆವು. ಪೈಪಿಗೆ ಗರಗಸದಲ್ಲಿ ಅಂಗೈ ಅಗಲಕ್ಕೊಂದರಂತೆ ಸೀಳು ಹಾಕಿದೆ. ಸೀಳು ಕೆಳಮುಖವಾಗಿರಬೇಕು, ಮೇಲೆ ಇದ್ದರೆ ಮಣ್ಣು ಇಳಿದು ತುಂಬುತ್ತದೆ. ಪೈಪಿನ ಸುತ್ತ 40 ಎಂಎಂ ಜಲ್ಲಿ, ಅದರ ಮೇಲೆ ಎರಡು ಪದರ ಶೇಡ್ ನೆಟ್, ಅದರ ಮೇಲೆ ಮರಳು, ಆಮೇಲೆ ಮಣ್ಣು. ಪೈಪಿನ ಕೆಳತುದಿಯನ್ನು ತೋಟದ ಕಾಲುವೆಗೆ ಬಿಟ್ಟು ಬಾಯಿಗೆ ಜಾಲರಿ ಕಟ್ಟಿದೆ, ಇಲ್ಲದಿದ್ದರೆ ಹೆಗ್ಗಣ ಒಳಗೆ ಸೇರುತ್ತದೆ.

ಹುಲ್ಲು ಎರಡು ತರಹ. ಬಿಸಿಲಿರುವ ಕಡೆ ಗರಿಕೆ, ಮಾವಿನ ಮರದ ಕಡೆಗೆ ಅಗಲ ಎಲೆಯ ಕಾರ್ಪೆಟ್ ಹುಲ್ಲು. ನಾಲ್ಕು ಇಂಚಿಗೊಂದು ಬುಡ ನೆಟ್ಟು ಮಾರ್ಚ್ ಪೂರ್ತಿ ಸಂಜೆ ಹೊತ್ತು ನೀರು ಕೊಟ್ಟೆವು. ನೊರಜು ಕಲ್ಲು ಹೆಕ್ಕುವ ಕೆಲಸವನ್ನು ಅಮ್ಮ ವಹಿಸಿಕೊಂಡರು. ದಿನಾ ಒಂದು ಬುಟ್ಟಿ. ಈ ಸಣ್ಣ ಬ್ಲೇಡಿಗೆ ಕಲ್ಲು ತಾಗಿದರೆ ಅಂಚು ಹೋಗಿಬಿಡುತ್ತದೆ.

ತೋಟದ ಕಡೆಯ ಅಂಚು ಕಡಿದಾಗಿತ್ತು, 10 ಅಡಿಗೆ 3 ಅಡಿ ಇಳಿಕೆ. ಅಲ್ಲಿ ಯಂತ್ರ ಬೇಡ ಅಂತ ತೀರ್ಮಾನ ಮಾಡಿ ಲಾವಂಚ ನೆಟ್ಟೆವು. ಬೇರು ಆಳಕ್ಕೆ ಹೋಗಿ ಮಣ್ಣು ಹಿಡಿಯುತ್ತದೆ. ತಂತಿಯನ್ನು ಏರಿಯಿಂದ ಮೂರೂವರೆ ಅಡಿ ಹಿಂದಕ್ಕೆ ತಂದೆ. ಸೋಗೆ ಮತ್ತು ಹಾಳೆ ಬೀಳುವುದೂ ಆ ಅಂಚಿನಲ್ಲೇ, ಎರಡೂ ಸಮಸ್ಯೆ ಒಟ್ಟಿಗೆ ಮುಗಿಯಿತು.

ಅಂಚಿನ ಕಲ್ಲು

ಈ ಯಂತ್ರದ ಬ್ಲೇಡ್ ಮೈಯ ನಡುವೆ ಇರುತ್ತದೆ, ಅಂಚಿನಲ್ಲಿ ಅಲ್ಲ. ಕೈಕಾಲಿಗೆ ತಾಗದಿರಲಿ ಅಂತ ಹಾಗೆ ಮಾಡಿದ್ದಾರೆ. ಗೋಡೆ, ಕಟ್ಟೆ, ಹೂವಿನ ಪಾತಿ ಇದ್ದ ಕಡೆಯೆಲ್ಲ ಅದರ ಬುಡದಲ್ಲಿ ಒಂದು ಗೇಣಿಗಿಂತ ಜಾಸ್ತಿ ಹುಲ್ಲು ಹಾಗೇ ಉಳಿಯುತ್ತದೆ. ಅದನ್ನು ಮತ್ತೆ ಕತ್ತಿಯಲ್ಲೋ ವೀಡ್ ಕಟರ್‌ನಲ್ಲೋ ತೆಗೆಯಬೇಕು. ಇದಕ್ಕೆ ಇರುವ ಉಪಾಯ ಅಂದರೆ ಅಂಚಿಗೆ ಹುಲ್ಲಿನ ಮಟ್ಟಕ್ಕೇ ಕಲ್ಲು ಹಾಸುವುದು. ಆಗ ಯಂತ್ರದ ಒಂದು ಚಕ್ರ ಕಲ್ಲಿನ ಮೇಲೆ ಓಡುತ್ತದೆ, ಬ್ಲೇಡ್ ಹುಲ್ಲಿನ ಕೊನೆಯವರೆಗೂ ತಲುಪುತ್ತದೆ.

ನಮ್ಮಲ್ಲಿ ಜಂಬಿಟ್ಟಿಗೆ ಸುಲಭದಲ್ಲಿ ಸಿಗುತ್ತದೆ. ಹಳೇ ಕೊಟ್ಟಿಗೆಯ ಗೋಡೆ ಕೆಡವಿದಾಗಿನ ಕಲ್ಲು ಹಿತ್ತಲಲ್ಲಿ ಬಿದ್ದಿತ್ತು. ಎಲ್ಲಾ ಸೇರಿ 50 ಮೀಟರ್ ಅಂಚಿಗೆ ಸುಮಾರು 130 ಕಲ್ಲು ಹಿಡಿಸಿತು, ಉದ್ದುದ್ದ ಮಲಗಿಸಿ. ಗೋಡೆಯ ಬುಡದಲ್ಲಿ ಒಂದು ಸಾಲು ಸಾಲಲಿಲ್ಲ. ಒಂದು ಕಲ್ಲಿನ ಅಗಲ 9 ಇಂಚು, ಬೇಕಾದದ್ದು ಒಂದಡಿಗಿಂತ ಜಾಸ್ತಿ. ಕಲ್ಲಿನ ಹಿಂದೆ ಗೋಡೆವರೆಗೆ ಜಲ್ಲಿ ತುಂಬಿ ಸರಿಮಾಡಿದೆವು. ಸೂರಿನ ನೀರು ಬಿದ್ದು ಮಣ್ಣು ಸಿಡಿಯುವುದೂ ಅದರಿಂದ ನಿಂತಿತು.

ಮೇಸ್ತ್ರಿ ಮೂವತ್ತು ವರ್ಷ ಕಲ್ಲು ಕಟ್ಟಿದವರು. ಮೊದಲ ದಿನ ದಾರ ಕಟ್ಟಿ, ರಸಮಟ್ಟ ಇಟ್ಟು, 20 ಅಡಿ ಚಂದದ ಸಾಲು ಹಾಕಿದ್ದರು. ಸಂಜೆ ನಾನು ಹೋಗಿ ನೋಡಿದರೆ ಕಲ್ಲು ನೆಲಕ್ಕಿಂತ ಒಂದೂವರೆ ಇಂಚು ಮೇಲೆ.

“ಮೇಸ್ತ್ರಿಗಳೇ, ಇದು ನೆಲಕ್ಕೆ ಸಮ ಬರಬೇಕಿತ್ತು.”

“ಸಮ ಇಟ್ಟರೆ ಮಣ್ಣು ಕಲ್ಲಿನ ಮೇಲೆ ಬರ್ತದೆ ಮಾರಾಯ್ರೆ. ಅಂಚು ಅಂದ ಮೇಲೆ ಎದ್ದೇ ಇರಬೇಕು.”

ಒಳಗಿನಿಂದ ಯಂತ್ರ ತಂದು ಕಲ್ಲಿನ ಪಕ್ಕ ಇಟ್ಟೆ. ಅಡಿ ತಿರುಗಿಸಿ ಬ್ಲೇಡ್ ಎಲ್ಲಿದೆ, ಚಕ್ರ ಎಲ್ಲಿದೆ ತೋರಿಸಿದೆ. ಚಕ್ರ ಕಲ್ಲು ಹತ್ತಿದರೆ ಮೈ ಓರೆಯಾಗುತ್ತದೆ, ಒಂದು ಬದಿ ಹುಲ್ಲು ಬುಡಕ್ಕೇ ಕತ್ತರಿಸುತ್ತದೆ, ಇನ್ನೊಂದು ಬದಿ ಉಳಿಯುತ್ತದೆ. ಅವರು ಕೂತು ಎರಡು ನಿಮಿಷ ನೋಡಿದರು. ಚಕ್ರವನ್ನು ಬೆರಳಿನಲ್ಲಿ ತಿರುಗಿಸಿದರು. ಆಮೇಲೆ ಹೇಳಿದರು: “ಹಂಗಾದ್ರೆ ಈಗಿನ ನೆಲಕ್ಕೆ ಸಮ ಇಡೂದಲ್ಲ. ತುಂಬಿದ ಮಣ್ಣು ಒಂದು ಮಳೆಗೆ ಕೂರ್ತದೆ, ಆಗ ಕಲ್ಲು ಎದ್ದು ಕಾಣ್ತದೆ. ಮೊದಲು ಮಣ್ಣು ಕೂರಿಸುವ, ಆಮೇಲೆ ಕಲ್ಲು.”

ನನಗೆ ಇದು ಹೊಳೆದೇ ಇರಲಿಲ್ಲ. ಮೂರು ದಿನ ನೀರು ಬಿಟ್ಟು ದಮ್ಮಸು ಮಾಡಿದೆವು. ಅರ್ಧ ಇಂಚಿಗಿಂತ ಜಾಸ್ತಿ ಕುಸಿಯಿತು. ಆಮೇಲೆ ಅವರು ಕಲ್ಲು ಕೂರಿಸಿದರು, ಸಿಮೆಂಟ್ ಹಾಕದೆ ಮರಳಿನ ಮೇಲೆ. ಮುಂದೆ ಎಲ್ಲಾದರೂ ಎದ್ದರೆ ಹಾರೆಯಲ್ಲಿ ಎಬ್ಬಿಸಿ ಮರಳು ತೆಗೆದರಾಯಿತು ಅಂದರು. ಆಶ್ಲೇಷ ಮಳೆ ಕಳೆದ ಮೇಲೆ ಆರು ಕಲ್ಲನ್ನು ನಿಜವಾಗಿಯೂ ಹಾಗೆ ಸರಿಮಾಡಬೇಕಾಯಿತು. ಸಿಮೆಂಟ್ ಹಾಕಿದ್ದರೆ ಒಡೆಯಬೇಕಿತ್ತು.

ಹೂವಿನ ಪಾತಿಯ ಚೂಪು ಮೂಲೆಗಳನ್ನೂ ದುಂಡು ಮಾಡಿದೆವು. ಗೂಟಕ್ಕೆ ಎರಡೂವರೆ ಅಡಿ ಹಗ್ಗ ಕಟ್ಟಿ ನೆಲದ ಮೇಲೆ ಬೂದಿಯಲ್ಲಿ ಗೆರೆ ಎಳೆದು, ಆ ಗೆರೆಯ ಮೇಲೆ ಕಲ್ಲು. ಚೂಪು ಮೂಲೆಯಲ್ಲಿ ಯಂತ್ರ ಹಿಂದೆ ಮುಂದೆ ಹೊಯ್ದಾಡಿ ಹುಲ್ಲು ಸವೆಸುತ್ತದೆ. ಎರಡು ದಾಸವಾಳ ಮತ್ತು ಒಂದು ನಂದಿಬಟ್ಟಲನ್ನು ಇದಕ್ಕಾಗಿ ಜಾಗ ಬದಲಿಸಿದೆವು. ತುಳಸಿ ಕಟ್ಟೆಯನ್ನು ಕದಲಿಸುವ ಪ್ರಶ್ನೆಯೇ ಇಲ್ಲ. ಕಟ್ಟೆಗೂ ಜಗುಲಿಗೂ ನಡುವೆ ಇದ್ದ ಎರಡೂವರೆ ಅಡಿಯ ಹುಲ್ಲು ತೆಗೆದು ಕಲ್ಲು ಹಾಸಿದೆವು.

ಒಂದೆಲಗ

ಏಪ್ರಿಲ್‌ನಲ್ಲಿ ಯಂತ್ರ ಮತ್ತೆ ಹೊರಗೆ ಬಂತು. ಮೊದಲ ವಾರ ಎಲ್ಲ ಸರಿ. ಬಟ್ಟಲಿಗೆ ಇಳಿಯಿತು, ಹತ್ತಿತು, ಆಚೆ ಹೋಯಿತು. ಅಪ್ಪಯ್ಯ ಕುರ್ಚಿ ಹಾಕಿಕೊಂಡು ಪೂರ್ತಿ ಒಂದು ಗಂಟೆ ನೋಡಿದರು.

ಎಂಟನೇ ದಿನ ಅಮ್ಮ ಕೈಯಲ್ಲಿ ಖಾಲಿ ಬಟ್ಟಲು ಹಿಡಿದು ಬಂದರು. ಮಾವಿನ ಮರದ ಹತ್ತಿರ ಹುಲ್ಲಿನ ನಡುವೆ ಒಂದೆಲಗ ತಾನಾಗಿಯೇ ಬೆಳೆಯುತ್ತಿತ್ತು. ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲವಾದರೂ ಅದರ ತಂಬುಳಿ. ಈಗ ಅಲ್ಲಿ ಬರೀ ತೊಟ್ಟು. ವೀಡ್ ಕಟರ್‌ನಲ್ಲಿ ಹೊಡೆಯುವಾಗ ಆ ಜಾಗ ಬಿಟ್ಟು ಹೊಡೆಯುತ್ತಿದ್ದೆವು. ಅದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಕೈಗೆ ಗೊತ್ತಿತ್ತು. ನನ್ನ ನಕ್ಷೆಯಲ್ಲಿ ಆ ಜಾಗ ಬರೀ ಹುಲ್ಲು.

ಅವತ್ತು ಅಮ್ಮನ ಜೊತೆ ಅಂಗಳ ಪೂರ್ತಿ ಒಂದು ಸುತ್ತು ಹಾಕಿದೆ. ಎಲ್ಲಿ ಏನು ಬೇಕು ಕೇಳಿದೆ. ಈ ಕೆಲಸವನ್ನು ಜನವರಿಯಲ್ಲೇ ಮಾಡಬೇಕಿತ್ತು. ಮಾವಿನ ಬುಡದ ಸುತ್ತ ಎಂಟಡಿ ಅಗಲದ ದುಂಡು ಜಾಗ ಒಂದೆಲಗಕ್ಕೆ, ಜೊತೆಗೆ ಅಲ್ಲಿನ ಜರಿ ಗಿಡಕ್ಕೆ. ತುಳಸಿ ಕಟ್ಟೆಯ ಹಿಂದೆ ನಾಲ್ಕಡಿ ಉದ್ದದ ಗರಿಕೆ, ಮುಟ್ಟಕೂಡದು. ಚೌತಿಗೆ ಗಣಪತಿಗೆ ಉದ್ದ ಗರಿಕೆ ಬೇಕು, ಯಂತ್ರ ಬಿಡುವ ಗರಿಕೆ ಒಂದೂವರೆ ಇಂಚೂ ಇರುವುದಿಲ್ಲ. ಬಾವಿಕಟ್ಟೆಯ ಪಕ್ಕದ ತುಂಬೆ ಗಿಡಗಳನ್ನೂ ಉಳಿಸಿದೆವು.

ಮಾವಿನ ಬುಡವನ್ನು ಬಿಡಿಸಿದ್ದು ಯಂತ್ರಕ್ಕೂ ಒಳ್ಳೆಯದೇ ಆಯಿತು. ಮಾವಿನ ಬೇರು ಮೇಲೆ ಎದ್ದಿರುತ್ತದೆ, ಯಂತ್ರ ಅದರ ಮೇಲೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಮಿಡಿ ಬಿದ್ದರಂತೂ ಬ್ಲೇಡಿಗೆ ಸಿಕ್ಕಿ ನಾರು ಸುತ್ತಿಕೊಳ್ಳುತ್ತದೆ. ಆ ದುಂಡು ಜಾಗಕ್ಕೆ ಈಗ ದರಕು ಹೊದಿಸುತ್ತೇವೆ.

ಅಂಗಳದ ನಡುವೆ ಇಂಥ ಒಂದು ನಡುಗಡ್ಡೆ ಬಿಡಿಸುವ ವಿಧಾನ ನನಗೆ ತುಂಬಾ ಇಷ್ಟವಾಯಿತು. ಅಂಚಿನ ತಂತಿಯನ್ನು ಅಲ್ಲಿಂದ ಮರದವರೆಗೆ ಎಳೆದು, ಮರ ಸುತ್ತಿಸಿ, ಹೋದ ದಾರಿಯಲ್ಲೇ ವಾಪಸ್ ತರಬೇಕು. ಹೋಗುವ ತಂತಿ, ಬರುವ ತಂತಿ ಒಂದಕ್ಕೊಂದು ಅಂಟಿಕೊಂಡಿರಬೇಕು. ಒಂದರಲ್ಲಿ ಕರೆಂಟ್ ಆ ಕಡೆ, ಇನ್ನೊಂದರಲ್ಲಿ ಈ ಕಡೆ. ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಬಿಡುತ್ತದೆ. ಯಂತ್ರಕ್ಕೆ ಅಲ್ಲಿ ತಂತಿ ಇದೆ ಅಂತಲೇ ಗೊತ್ತಾಗುವುದಿಲ್ಲ, ಸುಮ್ನೆ ದಾಟಿ ಹೋಗುತ್ತದೆ. ಮರದ ಸುತ್ತ ಮಾತ್ರ ಒಂದೇ ತಂತಿ, ಅಲ್ಲಿ ತಿರುಗುತ್ತದೆ. ಸುತ್ತು ಹಾಕುವ ದಿಕ್ಕನ್ನೂ ಪುಸ್ತಕದಲ್ಲಿ ಹೇಳಿದಂತೆಯೇ ಇಡಬೇಕು. ತಪ್ಪಿದರೆ ಒಳಗು ಹೊರಗು ಅದಲುಬದಲಾಗಿ ಕಾಣುತ್ತದೆ.

ಈ ನಡುಗಡ್ಡೆಯ ತಂತಿ ಸೇರಿಸಲು ಹಳೇ ತಂತಿ ಕತ್ತರಿಸಿ ಎರಡು ಕಡೆ ಜಾಯಿಂಟ್ ಹಾಕಬೇಕಾಯಿತು. ಜೆಲ್ ತುಂಬಿದ ಕನೆಕ್ಟರ್ ಒಂದೇ ಉಳಿದಿತ್ತು. ಇನ್ನೊಂದಕ್ಕೆ ತಾಮ್ರ ಹೊಸೆದು ಇನ್ಸುಲೇಶನ್ ಟೇಪ್ ಸುತ್ತಿದೆ. ಈ ಜಾಯಿಂಟ್ ನೆನಪಿಡಿ, ಮುಂದೆ ಬರುತ್ತದೆ.

ಸಿಡಿಲು, ಕರೆಂಟು, ಮಳೆ

ಏಪ್ರಿಲ್, ಮೇ ತಿಂಗಳ ಸಂಜೆ ನಮ್ಮಲ್ಲಿ ಗುಡುಗು ಸಿಡಿಲು ಜಾಸ್ತಿ. ನೆಲದಲ್ಲಿ ಹೂತ ನೂರಿಪ್ಪತ್ತು ಮೀಟರ್ ತಂತಿ ಅಂದರೆ ದೊಡ್ಡದೊಂದು ಸುರುಳಿ. ಹತ್ತಿರ ಎಲ್ಲೋ ಸಿಡಿಲು ಬಡಿದರೂ ಅದರಲ್ಲಿ ಕರೆಂಟ್ ಹುಟ್ಟಿ ಸ್ಟೇಷನ್ನಿನ ಬೋರ್ಡ್ ಸುಡಬಹುದು. ಪ್ಲಗ್ ಕಿತ್ತರೆ ಸಾಲದು, ತಂತಿಯ ಎರಡು ತುದಿಯನ್ನೂ ಸ್ಟೇಷನ್‌ನಿಂದ ಬಿಡಿಸಬೇಕು. ಬಗ್ಗಿ ಬಗ್ಗಿ ಬಿಡಿಸುವುದು ಕಷ್ಟ ಅಂತ ಜಗುಲಿಯ ಕಂಬದಲ್ಲಿ ಎದೆಮಟ್ಟಕ್ಕೆ ಒಂದು ಸಣ್ಣ ಡಬ್ಬಿ ಕೂರಿಸಿ, ಅದರೊಳಗೆ ಎಳೆದರೆ ಬಿಡುವ ಕನೆಕ್ಟರ್ ಹಾಕಿದೆ. ಮೋಡ ಕಟ್ಟಿದರೆ ಮನೆಯಲ್ಲಿ ಯಾರಿದ್ದರೂ ಯಂತ್ರವನ್ನು ಸ್ಟೇಷನ್‌ಗೆ ಕಳಿಸಿ, ಡಬ್ಬಿ ತೆರೆದು ಎಳೆಯುತ್ತಾರೆ. ಅಮ್ಮನಿಗೂ ಅಭ್ಯಾಸವಾಗಿದೆ.

ಕರೆಂಟ್ ಹೋದರೆ ತಂತಿಯ ಸಿಗ್ನಲ್ ಹೋಗುತ್ತದೆ, ಯಂತ್ರ ಇದ್ದಲ್ಲೇ ನಿಲ್ಲುತ್ತದೆ. ಸ್ಟೇಷನ್ನಿನ ಲೈನನ್ನು ಮನೆಯ ಇನ್ವರ್ಟರ್‌ಗೆ ಕೊಟ್ಟ ಮೇಲೆ ಆ ತೊಂದರೆ ಇಲ್ಲ. ಸ್ಟೇಷನ್‌ಗೆ ನಾಲ್ಕಡಿ ಎತ್ತರದಲ್ಲಿ ಹಂಚಿನ ಒಂದು ಇಳಿಮಾಡು ಮಾಡಿಸಿದೆ. ಸೂರಿನ ನೀರಿನ ಗೆರೆಯಿಂದ ದೂರ, ಮುಂದೆ ಎಂಟಡಿ ನೇರ ಖಾಲಿ ಜಾಗ. ಯಂತ್ರ ನೇರ ಬಂದು ಚಾರ್ಜಿಂಗ್ ಪಟ್ಟಿಗೆ ತಾಗಬೇಕಲ್ಲ.

ಹೊತ್ತು ಬೆಳಿಗ್ಗೆ 10ರಿಂದ ಮಧ್ಯಾಹ್ನ 3. ರಾತ್ರಿ ಯಾವತ್ತೂ ಬಿಡುವುದಿಲ್ಲ. ಯೂರೋಪಿನಲ್ಲಿ ರಾತ್ರಿ ಬಿಟ್ಟ ಇಂಥ ಯಂತ್ರಗಳಿಗೆ ಸಿಕ್ಕಿ ಮುಳ್ಳಿಲಿಗಳು ಗಾಯಗೊಳ್ಳುತ್ತವೆ. ನಮ್ಮಲ್ಲಿ ಸಂಜೆಯಾದರೆ ಕಪ್ಪೆಗಳು ಹುಲ್ಲಿಗೆ ಬರುತ್ತವೆ, ಅವುಗಳ ಹಿಂದೆ ಹಾವು. ಮಕ್ಕಳು ಹೊರಗೆ ಆಡುವಾಗಲೂ ಯಂತ್ರ ಸ್ಟೇಷನ್‌ನಲ್ಲೇ. ಕರು ಬರದ ಹಾಗೆ ಉಣುಗೋಲು ಸರಿಮಾಡಿಸಿದೆವು.

ಮಳೆಗಾಲದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಆರಿದ್ರಾದಿಂದ ಆಶ್ಲೇಷದವರೆಗೆ ಈ ಯಂತ್ರ ನಮ್ಮಲ್ಲಿ ಸರಿಯಾಗಿ ಓಡಲಿಲ್ಲ. ಒದ್ದೆ ಹುಲ್ಲು ಅಡಿಗೆ ಮೆತ್ತಿಕೊಳ್ಳುತ್ತದೆ, ಚಕ್ರ ಜಾರುತ್ತದೆ, ನೆಲದಲ್ಲಿ ಗೀರು ಬೀಳುತ್ತದೆ. ಹೊಳವಾದ ದಿನ ಎರಡು ಮೂರು ಗಂಟೆ ಬಿಟ್ಟೆ, ಎತ್ತರ ಪೂರ್ತಿ ಮೇಲಕ್ಕೆ ಇಟ್ಟು. ಪುಷ್ಯದಲ್ಲಿ ಹನ್ನೊಂದು ದಿನ ಒಂದು ಸಲವೂ ಹೊರಗೆ ಬಿಡಲಾಗಲಿಲ್ಲ. ಹುಲ್ಲು ಅರ್ಧ ಅಡಿ ಬಂತು. ಆಗ ವೀಡ್ ಕಟರ್‌ನಲ್ಲೇ ಒಂದು ಸಲ ಹೊಡೆದು, ಹುಲ್ಲು ಬಾಚಿ ಕೊಟ್ಟಿಗೆಗೆ ಹಾಕಿ, ಆಮೇಲೆ ಯಂತ್ರ ಬಿಟ್ಟೆ. ಹಾಗಾಗಿ ವೀಡ್ ಕಟರ್ ಮಾರಬೇಡಿ.

ಆದರೆ ಬಟ್ಟಲು ಮಾತ್ರ ನಿಂತಿತು. ಪುಷ್ಯದ ಒಂದು ರಾತ್ರಿ ಎರಡು ಗಂಟೆಗೆ ನಾನೂ ಅಪ್ಪಯ್ಯನೂ ಟಾರ್ಚ್ ಹಿಡಿದು, ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗಿ ನೋಡಿದೆವು. ನೀರು ಐದು ಇಂಚಿನಷ್ಟು ಎತ್ತರಕ್ಕೆ, ಐದು ಅಡಿಯಷ್ಟು ಅಗಲಕ್ಕೆ ಕಾಫಿ ಬಣ್ಣದಲ್ಲಿ ಹೋಗುತ್ತಿತ್ತು. ಮೇಲಿನ ಅಗಳು ತುಂಬಿ ಹರಿಯುತ್ತಿತ್ತು. ಅಂಗಳಕ್ಕೆ ಒಂದು ಹನಿ ಬಂದಿರಲಿಲ್ಲ. ಅಪ್ಪಯ್ಯ ಏನೂ ಹೇಳಲಿಲ್ಲ. ಬಟ್ಟಲಿನ ಅಂಚಿನಲ್ಲಿ ಕೂತು ನೀರಿಗೆ ಕೈ ಅದ್ದಿ, ಹುಲ್ಲಿನ ಬುಡ ಜಗ್ಗಿ ನೋಡಿದರು. ಬೇರು ಗಟ್ಟಿ ಇತ್ತು.

ತಂತಿ ಕಡಿದಿದ್ದು

ಚೌತಿಗೆ ನಾಲ್ಕು ದಿನ ಇರುವಾಗ ಸ್ಟೇಷನ್ನಿನ ದೀಪ ಬಣ್ಣ ಬದಲಿಸಿ ಮಿಣುಕತೊಡಗಿತು. ತಂತಿ ಎಲ್ಲೋ ಕಡಿದಿದೆ ಅಂತ ಅರ್ಥ. ಕಾಡುಹಂದಿ ಎರೆಹುಳಕ್ಕೆ ಮೂತಿ ಹಾಕಿದ ಗುರುತು ತೋಟದ ಕಡೆ ಇತ್ತು. ಅಲ್ಲೇ ಇರಬೇಕು ಅಂತ ಅಗೆದು ನೋಡಿದೆ. ತಂತಿ ಸರಿ ಇತ್ತು. ನೂರಿಪ್ಪತ್ತು ಮೀಟರ್ ಪೂರ್ತಿ ಅಗೆಯುವ ಹಾಗಿಲ್ಲ, ಹುಲ್ಲು ತಂತಿಯ ಮೇಲೆ ಹೆಣೆದುಕೊಂಡಿದೆ.

ಹಳೇ 'ಮೀಡಿಯಂ ವೇವ್' ರೇಡಿಯೋ ಇದ್ದರೆ ಇದಕ್ಕೆ ಬರುತ್ತದೆ. ನಮ್ಮ ಮನೆಯಲ್ಲಿ ಅಪ್ಪಯ್ಯ ಭದ್ರಾವತಿ ಆಕಾಶವಾಣಿ ಕೇಳುತ್ತಿದ್ದ ರೇಡಿಯೋ ಅಟ್ಟದಲ್ಲಿತ್ತು. ಹೊಸ ಸೆಲ್ ಹಾಕಿದೆ. ಭದ್ರಾವತಿಯ 675 ಕಿಲೋಹರ್ಟ್ಸ್‌ನಿಂದ ಮುಳ್ಳನ್ನು ಕೆಳಗೆ ಸರಿಸಿ, ಯಾವ ರೇಡಿಯೋ ಕೇಂದ್ರವೂ ಇಲ್ಲದ ಕಡೆ ನಿಲ್ಲಿಸಿದೆ. ತಂತಿಯ ಒಂದು ತುದಿಯನ್ನು ಮಾತ್ರ ಸ್ಟೇಷನ್‌ಗೆ ಸಿಕ್ಕಿಸಿ, ರೇಡಿಯೋವನ್ನು ನೆಲದ ಹತ್ತಿರ ಹಿಡಿದು ತಂತಿಯ ಗೆರೆಯಲ್ಲಿ ನಡೆದೆ. ಟರ್ ಟರ್ ಅಂತ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಎರಡು ಅಡಿ ಪಕ್ಕಕ್ಕೆ ಹೋದರೆ ಕಡಿಮೆ, ಗೆರೆಗೆ ಬಂದರೆ ಜಾಸ್ತಿ. ದಾಸವಾಳ ದಾಟಿತು, ಬಟ್ಟಲು ದಾಟಿತು. ಮಾವಿನ ಮರಕ್ಕೆ ತಿರುಗುವ ಜಾಗದಲ್ಲಿ ಸದ್ದು ಸಣ್ಣಗಾಗಿ ನಿಂತುಹೋಯಿತು.

ಅಲ್ಲಿ ಕುಕ್ಕರಗಾಲಲ್ಲಿ ಕೂತು ಕತ್ತಿಯ ತುದಿಯಲ್ಲಿ ಹುಲ್ಲು ಬಿಡಿಸಿದೆ. ಎರಡು ಇಂಚು ಕೆಳಗೆ ಕಪ್ಪು ಟೇಪ್ ಕಂಡಿತು. ಏಪ್ರಿಲ್‌ನಲ್ಲಿ ನಾನೇ ಸುತ್ತಿದ ಜಾಯಿಂಟ್. ಟೇಪ್ ಉಬ್ಬಿ ಮೆತ್ತಗಾಗಿತ್ತು. ಉಗುರಿನಲ್ಲಿ ಬಿಡಿಸಿದರೆ ಒಳಗಿನಿಂದ ಒಂದು ತೊಟ್ಟು ನೀರು. ತಾಮ್ರದ ಎಳೆಗಳೆಲ್ಲ ಕಿಲುಬು ಹಿಡಿದು ಹಸಿರಾಗಿದ್ದವು. ಸ್ವಲ್ಪ ಎಳೆದೆ, ಹುಡಿಯಾಗಿ ಬೆರಳಿಗೆ ಬಂತು. ಮೀಟರ್ ಹಾಕಿ ನೋಡಿದೆ. ಆಚೆ ಈಚೆಯ ತಂತಿ ಎರಡೂ ಸರಿ, ಹೋಗಿದ್ದು ಇದೊಂದೇ.

ಕಿಲುಬು ಹಿಡಿದ ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಬೇಕು. ಒಂದು ಕಡೆ ನಾಲ್ಕು ಇಂಚು, ಇನ್ನೊಂದು ಕಡೆ ಆರು ಇಂಚು ಹೋಯಿತು. ನೀರು ತಂತಿಯ ಸಿಪ್ಪೆಯೊಳಗೆ ಅಷ್ಟು ದೂರ ನುಗ್ಗಿತ್ತು. ನಡುವೆ ಹೊಸ ತುಂಡು ಇಟ್ಟು, ಎರಡೂ ಕಡೆ ಜೆಲ್ ಕನೆಕ್ಟರ್ ಹಾಕಿ, ಇಕ್ಕಳದಲ್ಲಿ ಜೆಲ್ ಹೊರಗೆ ಬರುವವರೆಗೆ ಒತ್ತಿದೆ. ತಂತಿ ಬಿಗಿಯಾಗಿರಬಾರದು ಅಂತ ಒಂದು ಗೇಣು ಸಡಿಲ ಬಿಟ್ಟೆ. ಜಾಯಿಂಟ್ ಇರುವ ಜಾಗಕ್ಕೆ ಗುರುತಾಗಿ ಒಂದು ಬಿಳಿ ಬೆಣಚು ಕಲ್ಲನ್ನು ನೆಲಕ್ಕೆ ಸಮ ಹೂತೆ. ಈಗ ಮನೆಯಲ್ಲಿ ಹತ್ತು ಕನೆಕ್ಟರ್ ಯಾವಾಗಲೂ ಇಟ್ಟಿರುತ್ತೇನೆ. ಬೆಲೆ ಏನೂ ಜಾಸ್ತಿಯಲ್ಲ. ನಮ್ಮ ಮಣ್ಣಿನಲ್ಲಿ ಟೇಪ್ ನಡೆಯುವುದಿಲ್ಲ.

ಈಗ ನವೆಂಬರ್. ಯಂತ್ರ ದಿನಾ ಓಡುತ್ತಿದೆ. ಬ್ಲೇಡ್ ಇದುವರೆಗೆ ನಾಲ್ಕು ಸಲ ಬದಲಿಸಿದೆ. ಬದಲಿಸುವಾಗ ಮೂರನ್ನೂ ಒಟ್ಟಿಗೇ, ಸ್ಕ್ರೂ ಸಮೇತ. ಬಾಕಿ ಕೆಲಸ ಎರಡಿದೆ. ಬಾವಿಯ ಪಕ್ಕದ ಮೂಲೆ ಇನ್ನೂ ಚೂಪಾಗಿದೆ, ಅಲ್ಲಿ ಹುಲ್ಲು ಸವೆದು ಕೆಂಪು ಮಣ್ಣು ಕಾಣುತ್ತಿದೆ. ಕೊಯ್ಲು ಮುಗಿದ ಮೇಲೆ ಮೇಸ್ತ್ರಿ ಬರುತ್ತೇನೆ ಅಂದಿದ್ದಾರೆ. ಬಟ್ಟಲಿನ ಮೇಲ್ತುದಿಯಲ್ಲಿ ಮಳೆ ನೀರು ಬಿದ್ದ ರಭಸಕ್ಕೆ ಒಂದು ಕುಳಿ ಬಿದ್ದಿದೆ, ಅಲ್ಲಿ ಚಪ್ಪಟೆ ಕಲ್ಲು ಹಾಸಬೇಕು. ತುಳಸಿ ಕಟ್ಟೆಯ ಹಿಂದಿನ ಗರಿಕೆ ಈಗ ಮೊಣಕಾಲಿನ ಹತ್ತಿರ ಬಂದಿದೆ. ಚೌತಿಯ ದಿನ ಪಕ್ಕದ ಎರಡು ಮನೆಯವರೂ ಅಲ್ಲಿಂದಲೇ ಕೊಯ್ದುಕೊಂಡು ಹೋದರು. ಮುಂದಿನ ವರ್ಷಕ್ಕೆ ಆ ಪಟ್ಟಿಯನ್ನು ಇನ್ನೂ ಎರಡಡಿ ಉದ್ದ ಮಾಡು ಅಂತ ಅಮ್ಮ ಹೇಳಿದ್ದಾರೆ. ತಂತಿ ಸರಿಸಲು ಗೂಟ ಹೊಡೆದಿಟ್ಟಿದ್ದೇನೆ.